ದಯಾಮರಣ ಮತ್ತು ಅಹಿಂಸೆ

ಮೂತ್ರಪಿಂಡ ಸೋತು, ನೀರೂ ಒಲ್ಲದೆ ನರಳುವ ಮುದಿ ನಾಯಿಗೆ ಪಶುವೈದ್ಯರು ದಯಾಮರಣ ಸೂಚಿಸಿದಾಗ ಸಾಕಿದವರ ಮುಂದೆ ನಿಲ್ಲುವುದು ಧರ್ಮದ ಪ್ರಶ್ನೆ. ಮೊದಲು ಮಂಪರು ಬರಿಸುವ ಚುಚ್ಚುಮದ್ದು, ಬಳಿಕ ಅರಿವಳಿಕೆಯ ಅತಿಪ್ರಮಾಣ. ಪ್ರಜ್ಞೆ ತಪ್ಪಿದ ಮೇಲೆಯೇ ಉಸಿರು, ಹೃದಯ ನಿಲ್ಲುತ್ತವೆ. ನೋವಿಲ್ಲದ ಸಾವು ನಿಜ. ಆದರೂ ಅದು ಹಿಂಸೆಯೇ?

ಜೈನ ಸಂಪ್ರದಾಯ ಹೌದೆನ್ನುತ್ತದೆ. ಜೀವಿ ಉಣ್ಣುವ ನೋವು ಅದರ ಕರ್ಮಫಲ. ನಡುವೆ ಕಡಿದರೆ ಅದು ತೀರದು. ಪ್ರಾಣಿಗಳ ಆಶ್ರಯಧಾಮಗಳಾದ ಪಾಂಜರಪೋಳಗಳು ರೋಗಿಷ್ಠ ಪ್ರಾಣಿಗಳನ್ನು ಕೊನೆಯುಸಿರಿನವರೆಗೆ ಸಾಕುವುದು ಈ ನಂಬಿಕೆಯಿಂದಲೇ. ಶ್ರವಣಬೆಳಗೊಳದ ಶಾಸನಗಳು ಸ್ಮರಿಸುವ, ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತದ ಮಾತೇ ಬೇರೆ: ಅಲ್ಲಿ ವ್ರತ ಹಿಡಿದವರ ಒಪ್ಪಿಗೆಯಿದೆ. ನಾಯಿಯನ್ನು ಕೇಳುವ ದಾರಿಯಿಲ್ಲ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ಕರುವೊಂದು ಮಗ್ಗುಲು ಬದಲಿಸಲೂ ಆಗದೆ ನರಳುತ್ತಿತ್ತು. ಗಾಂಧೀಜಿ ವೈದ್ಯರಿಂದ ಚುಚ್ಚುಮದ್ದು ಕೊಡಿಸಿ ಅದರ ಜೀವ ತೆಗೆಸಿದರು. ಟೀಕೆಯ ಮಳೆಯೇ ಸುರಿಯಿತು. ಬೇರೆ ಉಪಾಯ ಉಳಿಯದಾಗ, ಸ್ವಾರ್ಥವಿಲ್ಲದೆ, ಆ ಜೀವದ ಹಿತಕ್ಕಾಗಿಯೇ ಮಾಡಿದ್ದು ಹಿಂಸೆಯಲ್ಲ ಎಂಬುದು ಅವರ ನಿಲುವು.

ಈ ನಿಲುವು ಒಪ್ಪತಕ್ಕದ್ದೇ, ಆದರೆ ಅದರ ಷರತ್ತು ಕಠಿಣ. ಚಿಕಿತ್ಸೆಯ ಖರ್ಚು, ಆರೈಕೆಯ ಬೇಸರ ಪ್ರಾಣಿಯ ಹಿತವಲ್ಲ. ನೋವು ತಗ್ಗಿಸುವ ದಾರಿಗಳೆಲ್ಲ ಮುಗಿಯುವವರೆಗೆ ದಯಾಮರಣದ ಮಾತೆತ್ತಬಾರದು. ಉದಾಹರಣೆಗೆ, ಕೀಲುನೋವಿನ ಮುದಿ ಬೆಕ್ಕಿಗೆ ಬೇಕಾದದ್ದು ಬೆಚ್ಚನೆಯ ಹಾಸಿಗೆ, ಹತ್ತಿಳಿಯಲು ಸುಲಭವಾದ ತಗ್ಗು ಮರಳಿನ ತಟ್ಟೆ, ಪಶುವೈದ್ಯರೇ ಬರೆದುಕೊಟ್ಟ ಔಷಧಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.