ಮೃತನಿಗೆ ಸಲ್ಲಬೇಕಾದ ಪದಕ

1939-45ರ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿಯೋ ಇಟಲಿಯ ಗುಡ್ಡಗಳಲ್ಲಿಯೋ ಹೋರಾಡಿ ನಾಲತವಾಡಕ್ಕೆ ಮರಳಿದ ಸಿಪಾಯಿಯೊಬ್ಬನು ತನಗೆ ಸಲ್ಲತಕ್ಕ ಪದಕವನ್ನು ಕಾಣದೆಯೇ ಕಾಲವಾದನೆನ್ನೋಣ. ಇಂದು ಮೊಮ್ಮಗನು ಅದಕ್ಕಾಗಿ ಅರ್ಜಿಯನ್ನು ಬರೆದರೆ, ಸತ್ತವನಿಗೆ ಬಿಲ್ಲೆ ಏತಕ್ಕೆಂದು ನಗುವವರುಂಟು. ಅದು ದಾನವಾಗಿದ್ದರೆ ಆ ನಗೆಯು ಸಲ್ಲುತ್ತಿತ್ತು, ಅದು ಋಣ. ಆದರೆ ಋಣಿಯಾದ ಆಂಗ್ಲ ಸರಕಾರವೇ 1947ರಲ್ಲಿ ಹೊರಟುಹೋಯಿತಲ್ಲ? ಕಲ್ಯಾಣದ ವಿಜ್ಞಾನೇಶ್ವರನ ಮಿತಾಕ್ಷರೆಯ ನ್ಯಾಯದಂತೆ ಆಸ್ತಿಯನ್ನು ಪಡೆದವನೇ ಸಾಲವನ್ನೂ ತೀರಿಸತಕ್ಕವನು. ಬೆಳಗಾವಿಯ ಮರಾಠಾ ದಳವು ತನ್ನ ಗೆಲವುಗಳ ಕೀರ್ತಿಯೊಡನೆ ಸ್ವತಂತ್ರ ಭಾರತದ ಪಾಲಿಗೆ ಬಂದಿತು. ಕೀರ್ತಿಯನ್ನು ಇಟ್ಟುಕೊಂಡು ಋಣವನ್ನು ಮಾತ್ರ ಪರರದೆನ್ನುವುದೆಂತು? ಮೊಮ್ಮಗನಿಗೂ ಒಂದು ನಿಯಮವುಂಟು: ಪದಕವು ಅವನಲ್ಲಿ ಇರಿಸಿದ ನ್ಯಾಸವೇ ಹೊರತು ಅವನ ಒಡವೆಯಲ್ಲ. ಎದೆಗೆ ತೂಗಿಸಿಕೊಂಡು ಮೆರೆದನೆಂದರೆ ನಕ್ಕವರ ಮಾತೇ ನಿಜವಾದೀತು. ಸಿಪಾಯಿಯ ಮುದಿ ಮಗಳು ಮನೆಯಲ್ಲಿದ್ದರೆ, ಬಂದ ಪದಕವನ್ನು ಮೊದಲು ಆಕೆಯ ಕೈಯಲ್ಲಿಡತಕ್ಕದ್ದು.