ನಿಲ್ಲಿಸಿದಾಗ ಓಡುತ್ತಿತ್ತು

ಅಮೆರಿಕದ ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳನ್ನು ನೀವು ಎಂದಾದರೂ ಅಂತರ್ಜಾಲದಲ್ಲಿ ನೋಡಿರುವಿರಾ? ಕೊಳ್ಳುವ ಉದ್ದೇಶವಾಗಲಿ ಶಕ್ತಿಯಾಗಲಿ ಇಲ್ಲದವರನ್ನೂ ಅವು ತಡೆದು ನಿಲ್ಲಿಸುತ್ತವೆ. 1957ರ ಷೆವ್ರೊಲೆ ಬೆಲ್ ಏರ್, ಹಿಂಬದಿಯಲ್ಲಿ ಮೀನಿನ ರೆಕ್ಕೆಯಂತೆ ಎದ್ದು ನಿಂತ ತಗಡುಗಳ 1959ರ ಕ್ಯಾಡಿಲಾಕ್, 1964ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಜನರೆದುರಿಗೆ ಬಂದ ಫೋರ್ಡ್ ಮಸ್ಟಾಂಗ್, ಹೀಗೆ ಒಂದರ ಕೆಳಗೊಂದು ಚಿತ್ರಗಳು ಸಾಗುತ್ತಲೇ ಇರುತ್ತವೆ. ಈ ಹವ್ಯಾಸಿಗಳಿಗಾಗಿ 1954ರಲ್ಲಿಯೇ ‘ಹೆಮ್ಮಿಂಗ್ಸ್ ಮೋಟಾರ್ ನ್ಯೂಸ್’ ಎಂಬ ಜಾಹೀರಾತು ಪತ್ರಿಕೆ ಹುಟ್ಟಿಕೊಂಡಿತ್ತು. 1995ರಲ್ಲಿ ಕ್ರೇಗ್ಸ್‌ಲಿಸ್ಟ್ ಮತ್ತು ಈಗ ಇ-ಬೇ ಎಂದು ಕರೆಯಲ್ಪಡುವ ತಾಣ ಆರಂಭವಾದ ಮೇಲೆ ಆ ಸಂತೆ ಹಗಲಿರುಳೆನ್ನದೆ ತೆರೆದೇ ಇದೆ.

ಕಾರುಗಳಿಗಿಂತ ಹೆಚ್ಚಾಗಿ ಆ ಜಾಹೀರಾತುಗಳ ಭಾಷೆ ನನ್ನನ್ನು ಯೋಚನೆಗೆ ಹಚ್ಚಿದೆ. ಅಲ್ಲಿ ಪದೇ ಪದೇ ಬರುವ ಒಂದು ಮಾತಿದೆ: ‘ನಿಲ್ಲಿಸಿದಾಗ ಓಡುತ್ತಿತ್ತು.’ ಹವ್ಯಾಸಿಗಳ ನಡುವೆ ಇದೊಂದು ನಗೆಮಾತೇ ಆಗಿಬಿಟ್ಟಿದೆ. ಈ ಮಾತಿನಲ್ಲಿ ಸುಳ್ಳಿಲ್ಲ. ಕಾರು ನಿಜವಾಗಿಯೂ ಓಡುತ್ತಿತ್ತು. ಅದನ್ನು ನಿಜವಾಗಿಯೂ ನಿಲ್ಲಿಸಲಾಯಿತು. ನಿಲ್ಲಿಸಿ ಮೂವತ್ತು ವರ್ಷಗಳಾದವು, ತೊಟ್ಟಿಯ ಪೆಟ್ರೋಲು ಅಂಟಾಗಿದೆ, ಪಿಸ್ಟನ್ನುಗಳು ತುಕ್ಕು ಹಿಡಿದು ಅಲುಗಾಡದಂತೆ ಕಚ್ಚಿಕೊಂಡಿವೆ ಎಂಬುದನ್ನು ಮಾತ್ರ ಹೇಳಿಲ್ಲ. ‘ಮೇಲ್ಮೈ ತುಕ್ಕು ಮಾತ್ರ’ ಎಂಬುದು ಇನ್ನೊಂದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಓಹಾಯೊ ಮುಂತಾದ ರಾಜ್ಯಗಳ ಕಾರುಗಳ ಅಡಿಭಾಗ ಎಷ್ಟೋ ವೇಳೆ ತಿಂದುಹೋಗಿರುತ್ತದೆ. ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಚಿತ್ರದಲ್ಲಿ ಏನೂ ಕಾಣದು. ಆದ್ದರಿಂದಲೇ ಅನುಭವಿಗಳು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋಗುತ್ತಾರೆ. ಕಬ್ಬಿಣಕ್ಕೆ ಅದು ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಓಡಿದ ದೂರವನ್ನು ತೋರಿಸುವ ಮೀಟರಿನ ಮಾತೂ ಅಷ್ಟೇ. ಆ ಕಾಲದ ಬಹುತೇಕ ಅಮೆರಿಕನ್ ಕಾರುಗಳಲ್ಲಿ ಮೈಲಿಗಳಿಗೆ ಐದೇ ಅಂಕಿಗಳಿದ್ದವು. ಲಕ್ಷ ಮೈಲಿ ದಾಟಿದೊಡನೆ ಅದು ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತದೆ. ‘ಮೀಟರು 43,000 ತೋರಿಸುತ್ತಿದೆ’ ಎಂದು ಬರೆದವನು ಸುಳ್ಳು ಬರೆದನೇ?

ಇದು ಇಂದು ಹುಟ್ಟಿದ ಪ್ರಶ್ನೆಯಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರಿಗೆಲ್ಲ ಪರಿಚಿತರಾದ ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಕುದುರೆ ವ್ಯಾಪಾರವನ್ನು ಎತ್ತಿಕೊಂಡು ಇದನ್ನೇ ಚರ್ಚಿಸಿದ್ದಾರೆ. ಕುದುರೆಗೆ ಒಂದು ಕಣ್ಣಿಲ್ಲದಿದ್ದರೆ ಅದು ಎದುರಿಗೇ ಕಾಣುವ ಕೊರತೆ. ಬೆಲೆಯನ್ನು ತಕ್ಕಂತೆ ಇಳಿಸಿದವನು ಅದನ್ನು ಸಾರಿ ಹೇಳಬೇಕಾಗಿಲ್ಲ. ಆದರೆ ಕುಂಟುವ ಕುದುರೆಯನ್ನು ವೇಗದ ಕುದುರೆಯೆಂದು ಮಾರುವುದು ವಂಚನೆ. ಕಣ್ಣಿಗೆ ಬೀಳದ ದೋಷವನ್ನು, ಅದರಿಂದ ಕೊಳ್ಳುವವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ, ಮಾರುವವನು ತಿಳಿಸಲೇಬೇಕು. ತಿಳಿಯದೆ ಮಾರಿದವನಿಗೆ ಪಾಪವಿಲ್ಲ; ಆದರೆ ದೋಷ ಗೊತ್ತಾದ ಮೇಲೆ ನಷ್ಟ ತುಂಬಿಕೊಡುವ ಹೊಣೆ ಅವನದೇ. ಪುಟ್ಟಿ ಮೆತ್ತಿದ ಕ್ಯಾಡಿಲಾಕ್ ಯಾವ ಕುದುರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಾರುವವನ ಮೌನವನ್ನು ಖಂಡಿಸಲು ನಮಗೆಲ್ಲ ಬಾಯಿ ಬರುತ್ತದೆ. ಕೊಳ್ಳುವವನ ಮೌನದ ಬಗ್ಗೆ ಏನು ಹೇಳುತ್ತೀರಿ?

1969ರ ಷೆವ್ರೊಲೆ ಕಮಾರೊ ಕಾರನ್ನೇ ತೆಗೆದುಕೊಳ್ಳಿ. ಸಾಧಾರಣ ಕಮಾರೊಗಳ ಜೊತೆಗೆ ‘ಝಡ್-28’ ಎಂಬ ಪಂದ್ಯದ ತಳಿಯೊಂದಿತ್ತು. ಅದರ ಬೆಲೆ ಇಂದು ಸಾಧಾರಣ ಕಾರಿಗಿಂತ ಬಹಳ ಹೆಚ್ಚು. ವಿಚಿತ್ರವೆಂದರೆ ಆ ವರ್ಷದ ಕಾರಿನ ನೋಂದಣಿ ಗುರುತುಸಂಖ್ಯೆಯಿಂದ ಎಂಜಿನ್ನಿಗೆ ಆರು ಸಿಲಿಂಡರೋ ಎಂಟೋ ಎಂಬುದು ತಿಳಿಯುತ್ತದೆಯೇ ಹೊರತು ಅದು ಝಡ್-28 ಹೌದೋ ಅಲ್ಲವೋ ಎಂಬುದು ತಿಳಿಯುವುದಿಲ್ಲ. ಗುರುತು ಇರುವುದು ಬೇರೆಡೆ: ಆ ತಳಿಗೆ ಮಾತ್ರ ಅಳವಡಿಸಿದ 302 ಘನ ಅಂಗುಲದ ಎಂಜಿನ್ನಿನ ಮುಂಭಾಗದಲ್ಲಿ ಒತ್ತಿದ ಅಂಕಿಗಳ ಕೊನೆಯಲ್ಲಿ ‘ಡಿ’ ಮತ್ತು ‘ಝಡ್’ ಎಂಬ ಎರಡಕ್ಷರ. ಇದನ್ನು ಬಲ್ಲ ಮೋಸಗಾರರು ಸಾಧಾರಣ ಕಾರಿಗೆ ಪಟ್ಟೆ ಬಳಿದು, ಲಾಂಛನ ಅಂಟಿಸಿ ಝಡ್-28 ಎಂದು ಮಾರಿದ್ದುಂಟು. ಇದಕ್ಕೆ ವಿರುದ್ಧವಾದ ಸನ್ನಿವೇಶವನ್ನು ಊಹಿಸಿರಿ. ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬಳು ಮನೆ ಖಾಲಿ ಮಾಡುವ ಅವಸರದಲ್ಲಿ ‘ಹಳೆಯ ಕಮಾರೊ, ಬೇಗ ಸಾಗಿಸಬೇಕು’ ಎಂದು ಅಲ್ಪ ಬೆಲೆಗೆ ಜಾಹೀರಾತು ಹಾಕಿದ್ದಾಳೆ. ನೋಡಲು ಬಂದವನು ಧೂಳನ್ನು ಬೆರಳಿನಿಂದ ಒರೆಸುತ್ತಾನೆ. ಆ ಎರಡಕ್ಷರ ಅವನಿಗೆ ಕಾಣುತ್ತದೆ. ಅವಳು ಹೇಳಿದ ಬೆಲೆಯನ್ನು ಎಣಿಸಿ ಕೊಟ್ಟು ಕಾರನ್ನು ಎಳೆದುಕೊಂಡು ಹೋಗಬಹುದೇ?

ಕಾನೂನು ಅವನ ಕಡೆಗೇ ವಾಲಬಹುದು. 1815ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಆರ್ಗನ್ ಎಂಬ ವ್ಯಾಪಾರಿ, ಬ್ರಿಟನ್ನಿನೊಡನೆ ಶಾಂತಿ ಒಪ್ಪಂದವಾದ ಸುದ್ದಿಯನ್ನು ಇತರರಿಗಿಂತ ಮೊದಲೇ ತಿಳಿದು, ಅದನ್ನು ಬಾಯಿಬಿಡದೆ ಹೊಗೆಸೊಪ್ಪು ಖರೀದಿಸಿದನು. ಸುದ್ದಿ ಹರಡಿದ ಮೇಲೆ ಬೆಲೆ ಗಗನಕ್ಕೇರಿತು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಂತಹ ಹೊರಗಿನ ಸುದ್ದಿಯನ್ನು ತಿಳಿಸುವ ಬಾಧ್ಯತೆ ಕೊಳ್ಳುವವನಿಗಿಲ್ಲವೆಂದು 1817ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹೇಳಿದರು. ಅಕ್ವಿನಾಸರೂ ಇಷ್ಟರಮಟ್ಟಿಗೆ ಒಪ್ಪುತ್ತಾರೆ. ಬರಗಾಲದ ಊರಿಗೆ ಧಾನ್ಯ ತಂದವನು ‘ಹಿಂದೆ ಇನ್ನೂ ಹಲವರು ಧಾನ್ಯ ತರುತ್ತಿದ್ದಾರೆ’ ಎಂದು ಹೇಳಲೇಬೇಕೆಂದು ನ್ಯಾಯ ಬಯಸುವುದಿಲ್ಲ. ಹೇಳಿದರೆ ಅದು ಹೆಚ್ಚಿನ ಸದ್ಗುಣ. ಆದರೆ ಚಿನ್ನವನ್ನು ಹಿತ್ತಾಳೆಯೆಂದು ತಿಳಿದು ಮಾರುವವನಿಂದ, ಅದು ಚಿನ್ನವೆಂದು ಬಲ್ಲವನು ಕೊಂಡರೆ ಅದು ಅನ್ಯಾಯದ ಖರೀದಿ, ಅವನು ಹಿಂದಿರುಗಿಸಲೇಬೇಕು ಎಂದು ಅವರು ಖಂಡಿತವಾಗಿ ನುಡಿಯುತ್ತಾರೆ. ನಾಳಿನ ಬೆಲೆ ವಸ್ತುವಿನ ಹೊರಗಿನ ಸಂಗತಿ. ಇದು ಚಿನ್ನವೋ ಹಿತ್ತಾಳೆಯೋ ಎಂಬುದು ವಸ್ತುವಿನ ಒಳಗಿನದು. ಎಂಜಿನ್ನಿನ ಮೇಲಿನ ಎರಡಕ್ಷರ ಹೊಗೆಸೊಪ್ಪಿನ ಸುದ್ದಿಯಂತಲ್ಲ. ಅದು ಆ ವೃದ್ಧೆಯ ಕೊಟ್ಟಿಗೆಯಲ್ಲಿ ಅರ್ಧ ಶತಮಾನದಿಂದ ಇರುವ, ಅವಳದೇ ಆದ ಚಿನ್ನ.

‘ಸ್ವಾಮಿ, ಆ ಎರಡಕ್ಷರ ಓದಲು ನಾನು ಇಪ್ಪತ್ತು ವರ್ಷ ಕಲಿತಿದ್ದೇನೆ. ನನ್ನ ವಿದ್ಯೆಗೆ ಬೆಲೆಯಿಲ್ಲವೇ?’ ಎಂದು ಅವನು ಕೇಳಬಹುದು. ಇದು ತಳ್ಳಿಹಾಕುವ ಮಾತಲ್ಲ. ವಿದ್ಯೆಗೆ ಬೆಲೆ ಉಂಟು. ವೈದ್ಯನೂ ತನ್ನ ವಿದ್ಯೆಗೆ ಶುಲ್ಕ ಪಡೆಯುತ್ತಾನೆ. ಆದರೆ ರೋಗಿಗೆ ರೋಗದ ಹೆಸರನ್ನು ಹೇಳಿಯೇ ಪಡೆಯುತ್ತಾನೆ. ‘ಅಮ್ಮಾ, ನಿಮ್ಮ ಕಾರು ನೀವು ತಿಳಿದದ್ದಕ್ಕಿಂತ ಹೆಚ್ಚು ಬೆಲೆಯದು. ಮಾರಿಸಿಕೊಡುತ್ತೇನೆ, ನನಗೆ ಇಷ್ಟು ಪಾಲು ಕೊಡಿ’ ಎಂದು ಅವನು ಕೇಳಿದರೆ ಯಾವ ನೀತಿಶಾಸ್ತ್ರಿಯೂ ಅಡ್ಡ ಬರಲಾರನು. ಅವಳು ಬೇರೆ ಯಾರಿಗೋ ಮಾರಿಬಿಟ್ಟಾಳು ಎಂಬ ಭಯ ಅವನಿಗಿದೆ. ಆ ಭಯ ನಿಜವಾದದ್ದೇ, ಎಷ್ಟೋ ಸಲ ಹಾಗೆಯೇ ಆಗುತ್ತದೆ. ಸತ್ಯ ಹೇಳಿದವನು ಬರಿಗೈಯಲ್ಲಿ ಹಿಂದಿರುಗುತ್ತಾನೆ, ಮರುದಿನ ಬಂದ ದಲ್ಲಾಳಿ ಕಾರನ್ನು ಕೊಂಡೊಯ್ಯುತ್ತಾನೆ.

ಕಾರು ಕೊಳ್ಳಲು ಅಮೆರಿಕಕ್ಕೆ ಹೋಗುವವರು ನಮ್ಮಲ್ಲಿ ವಿರಳ. ಆದರೆ ಮನೆಯ ಹಳೆಯ ಸ್ಕೂಟರಿನ ಚಿತ್ರ ತೆಗೆದು ಮೊಬೈಲಿನಿಂದಲೇ ಜಾಹೀರಾತು ಹಾಕುವವರು, ಹಳೆಯ ಪಾತ್ರೆಪಗಡಿ, ತೇಗದ ಪೆಟ್ಟಿಗೆ ಕೊಳ್ಳಲು ಊರೂರು ಸುತ್ತುವವರು ನಿಮ್ಮ ನಡುವೆಯೂ ಇದ್ದಾರೆ. ಮುಂದಿನ ಸಲ ಚಿತ್ರ ತೆಗೆಯುವಾಗ ತುಕ್ಕು ಹಿಡಿದ ಬದಿಯದನ್ನೂ ಒಂದು ತೆಗೆಯಿರಿ. ಅಜ್ಜಿಯೊಬ್ಬರು ಪೆಟ್ಟಿಗೆಗೆ ತೀರ ಕಡಿಮೆ ಬೆಲೆ ಹೇಳಿದರೆ, ಹಣ ಎಣಿಸುವ ಮುನ್ನ ಅವರಿಗೆ ಅದರ ನಿಜವಾದ ಬೆಲೆಯನ್ನು ಹೇಳಿಬಿಡಿ.