ಅರಿವು ಕೈಗೆ ತಲುಪುವ ದಾರಿ

ಮನುಷ್ಯನಿಗೆ ತಿಳಿದಿರುವುದಕ್ಕೂ ಅವನು ನಡೆದುಕೊಳ್ಳುವುದಕ್ಕೂ ನಡುವೆ ಇಷ್ಟು ಅಂತರವೇಕೆ? ನಡೆ ನುಡಿಗಳು ಒಂದಾಗಿರಬೇಕೆಂದು ನಮ್ಮ ಶರಣರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಕಂಬಂ ಕಣಿವೆಯಲ್ಲಿ ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತಮಿಳನ್ನೂ ಆಡುತ್ತ ಬೆಳೆದು, ಅಲ್ಲಿಯೇ ಅಧ್ಯಾಪಕನಾಗಿ ನಿವೃತ್ತನಾದವನು ನಾನು. ಆ ಎಚ್ಚರಿಕೆಯ ಅರ್ಥ ನನಗೆ ತಿಳಿದದ್ದು ತರಗತಿಯಲ್ಲಲ್ಲ, ನನ್ನದೇ ದ್ರಾಕ್ಷಿ ತೋಟದಲ್ಲಿ.

ನಾನು ಬಿ.ಎ. ಓದಿದವನಾದರೂ ವಿಜ್ಞಾನದ ಅಧ್ಯಾಪಕರಿಲ್ಲದ ವರ್ಷಗಳಲ್ಲಿ ಆ ಪಾಠವನ್ನೂ ನಾನೇ ಮಾಡಬೇಕಾಗುತ್ತಿತ್ತು. ನಮ್ಮ ದೇಹವು ನಾಲ್ಕು ಬಗೆಯ ಅಂಗಾಂಶಗಳಿಂದಾಗಿದೆ. ಹೊದಿಕೆಯಾಗಿ ಕಾಯುವುದು ಅನುಲೇಪಕ ಅಂಗಾಂಶ; ಭಾಗಗಳನ್ನು ಕೂಡಿಸಿ ಹಿಡಿಯುವುದು ಸಂಯೋಜಕ ಅಂಗಾಂಶ; ಚಲನೆಗೆ ಸ್ನಾಯು ಅಂಗಾಂಶ; ಸುದ್ದಿಯನ್ನು ಒಯ್ಯುವುದಕ್ಕೆ ನರ ಅಂಗಾಂಶ. ನರಕೋಶದ ಉದ್ದನೆಯ ತಂತುವಿನ ಮೇಲೆ ವಿದ್ಯುತ್ ಸಂಕೇತವು ಅಲೆಯಂತೆ ಸಾಗುತ್ತದೆ. ಅತಿ ವೇಗದ ತಂತುಗಳಲ್ಲಿ ಅದು ಸೆಕೆಂಡಿಗೆ ಸುಮಾರು 100 ಮೀಟರ್ ಓಡುತ್ತದೆ.

ಆದರೆ ತಂತುವಿನ ಕೊನೆಯಲ್ಲಿ ಅದು ನಿಲ್ಲಬೇಕು. ಮುಂದಿನ ಕೋಶಕ್ಕೂ ಇದಕ್ಕೂ ನಡುವೆ ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಭಾಗದಷ್ಟು ಕಿರಿದಾದ ಬಿಡುವು ಇರುತ್ತದೆ. ವಿದ್ಯುತ್ ಸಾಮಾನ್ಯವಾಗಿ ಅದನ್ನು ದಾಟಲಾರದು. ಒಂದು ರಾಸಾಯನಿಕ ದೂತ ದಾಟಬೇಕು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿ 1921ರಲ್ಲಿ ಇದನ್ನು ತೋರಿಸಿಕೊಟ್ಟನು. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ಆ ದ್ರವದಲ್ಲಿದ್ದ ದೂತನೇ ಅಸಿಟೈಲ್‌ಕೋಲೀನ್. ಈ ಶೋಧಕ್ಕಾಗಿ 1936ರಲ್ಲಿ ಹೆನ್ರಿ ಡೇಲ್ ಅವರೊಡನೆ ಲೋವಿಗೆ ನೊಬೆಲ್ ಬಹುಮಾನ ಬಂದಿತು.

ದೂತನು ಸುದ್ದಿ ಮುಟ್ಟಿಸಿದ ಕೂಡಲೇ ಅವನನ್ನು ಒಂದು ಕಿಣ್ವವು ಒಡೆದುಹಾಕುತ್ತದೆ. ಇಲ್ಲವಾದರೆ ಅಪ್ಪಣೆ ನಿಲ್ಲುವುದೇ ಇಲ್ಲ. ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳು ಕಟ್ಟಿಹಾಕುವುದು ಈ ಕಿಣ್ವವನ್ನೇ. ಕೀಟದ ನರಮಂಡಲದಲ್ಲಿರುವ ದೂತನೂ ನಮ್ಮಲ್ಲಿರುವ ದೂತನೂ ಒಂದೇ. ಹಿಟ್ಟುತಿಗಣೆ ಯಾವುದು, ಮನುಷ್ಯ ಯಾರು ಎಂದು ವಿಷವು ವಿವೇಚಿಸದು. ಆ ವಿವೇಚನೆ ವಿಷವನ್ನು ಕೊಂಡು ತರುವವನದು.

ಇದೆಲ್ಲವೂ ನನಗೆ ಗೊತ್ತಿತ್ತು. ನಮ್ಮ ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ದ್ರಾಕ್ಷಿಯನ್ನು ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸುತ್ತೇವೆ. ಮೇಲಕ್ಕೆ ಹೊಡೆದ ಔಷಧ ಹನಿಹನಿಯಾಗಿ ಹೊಡೆಯುವವನ ಮುಖಕ್ಕೇ ಮರಳುತ್ತದೆ. ಹಲವು ವರ್ಷಗಳ ಹಿಂದೆ ನನ್ನ ತೋಟಕ್ಕೆ ಔಷಧ ಹೊಡೆಯಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. ನರಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ತಪ್ಪಿಲ್ಲದೆ ಬರೆಯುತ್ತಿದ್ದ ಹುಡುಗ. ಡಬ್ಬವನ್ನು ಅವನ ಕೈಗೆ ಕೊಟ್ಟವನು ನಾನು. ಕೈಗವಸನ್ನಾಗಲಿ ಮುಖಕ್ಕೆ ಕಟ್ಟಲು ಒಂದು ಬಟ್ಟೆಯನ್ನಾಗಲಿ ಕೊಡಲಿಲ್ಲ. ಬಿಸಿಲೇರುವ ಮುಂಚೆ ಮುಗಿಸು ಎಂದಷ್ಟೇ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಅವನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು, ತೊಡೆಯ ಸ್ನಾಯುಗಳು ತಮ್ಮಷ್ಟಕ್ಕೆ ಅದುರುತ್ತಿದ್ದವು. ವೈದ್ಯರು ಅಟ್ರೋಪಿನ್ ಕೊಟ್ಟು ಅವನನ್ನು ಉಳಿಸಿಕೊಂಡರು. ಮೂರನೆಯ ದಿನ ನೋಡಲು ಹೋದಾಗ ಅವನು ನನ್ನನ್ನು ದೂರಲಿಲ್ಲ. “ಮಿಕ್ಕ ಸಾಲುಗಳನ್ನು ತಮ್ಮನ ಕೈಲಿ ಹೊಡೆಸಲೇ ಸಾರ್?” ಎಂದು ಕೇಳಿದನು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನನ್ನದು ಒಬ್ಬನ ತಪ್ಪು. ಸಂಸ್ಥೆಯೊಂದರ ತಪ್ಪು ಊರನ್ನೇ ಮುಟ್ಟುತ್ತದೆ. ನಮ್ಮ ಹಾಗೆ ಗಡಿಯಾಚೆ ಕನ್ನಡವಾಡುವವರಿರುವ ಕಾಸರಗೋಡಿನಲ್ಲಿ ಗೇರು ತೋಟಗಳ ಮೇಲೆ 2000ನೆಯ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದು ಬೇರೆ ವರ್ಗದ ವಿಷವಾದರೂ ಅದರ ಗುರಿಯೂ ನರಮಂಡಲವೇ. ಎಣ್ಮಕಜೆಯ ಪಡ್ರೆ ಭಾಗದ ಮಕ್ಕಳ ಸ್ಥಿತಿಯನ್ನು ವೈದ್ಯರಾದ ಡಾ. ಮೋಹನ್ ಕುಮಾರ್ ಅವರೂ ಪತ್ರಕರ್ತ ಶ್ರೀಪಡ್ರೆಯವರೂ ಜಗತ್ತಿನ ಗಮನಕ್ಕೆ ತಂದರು. ಸರ್ವೋಚ್ಚ ನ್ಯಾಯಾಲಯ ಅದನ್ನು ನಿಷೇಧಿಸಿದ್ದು 2011ರಲ್ಲಿ. ಮೇಲಿನಿಂದ ಸಿಂಪಡಿಸಿದವರಿಗೆ ಕೆಳಗಿನ ಅಂಗಳ ಕಾಣಿಸಲಿಲ್ಲ. ನನಗಾದರೋ ಅಂಗಳ ಮಾತ್ರವಲ್ಲ, ಹುಡುಗನ ಮುಖವೂ ಕಾಣುತ್ತಿತ್ತು. ಆದುದರಿಂದ ನನ್ನ ತಪ್ಪು ಅಜ್ಞಾನದ್ದೆಂದು ಹೇಳಿ ಪಾರಾಗಲಾರೆ.

ಅರಿವಿಲ್ಲದೆ ಮಾಡಿದ ತಪ್ಪಿಗಿಂತ ಅರಿವಿದ್ದೂ ಮಾಡಿದ ತಪ್ಪು ದೊಡ್ಡದೆಂದು ಧರ್ಮಶಾಸ್ತ್ರ ಬಲ್ಲವರೆಲ್ಲ ಒಪ್ಪುತ್ತಾರೆ. ಆದರೆ ನನ್ನಂಥವರಲ್ಲಿ ಅರಿವು ದುರುದ್ದೇಶದಿಂದ ಸೋಲುವುದಿಲ್ಲ. ಅದು ಪಾಠದ ಕೊನೆಯವರೆಗೆ, ಪರೀಕ್ಷೆಯ ಅಂಕದವರೆಗೆ ವೇಗವಾಗಿ ಓಡಿ, ಅಲ್ಲಿಯೇ ನಿಂತುಬಿಡುತ್ತದೆ. ಕೊನೆಯ ಕಿರಿದಾದ ಬಿಡುವನ್ನು ದಾಟಿಸಲು ಅದಕ್ಕೊಬ್ಬ ದೂತ ಬೇಕು. ಎದುರಿಗಿರುವವನ ಮೈಯೂ ನನ್ನ ಮೈಯಂಥದೇ ಎಂಬ ಕಾಳಜಿಯೇ ಆ ದೂತ. ದೇಹದಲ್ಲಿ ಅವನು ತಾನಾಗಿ ಹೊರಡುತ್ತಾನೆ. ಸಮಾಜದಲ್ಲಿ ನಾವೇ ಕಳುಹಿಸಬೇಕು.

ಅಂದಿನಿಂದ ನಮ್ಮ ತೋಟದಲ್ಲಿ ಒಂದು ನಿಯಮವಿದೆ. ನಾನೇ ನಿಂತು ಹೊಡೆಯಲಾರದ ಔಷಧವನ್ನು ಇನ್ನೊಬ್ಬರಿಂದ ಹೊಡೆಸುವುದಿಲ್ಲ. ಇದರಿಂದ ಕೆಲವು ವರ್ಷ ಇಳುವರಿ ಕಡಿಮೆಯಾದುದುಂಟು. ಹೀಗೆ ಮಾಡಿ ನಾನು ಸಾಲ ತೀರಿಸಿದೆನೆಂದು ಹೇಳಲಾರೆ. ಪ್ರತಿದಿನ ಬೆಳಗಿನ ಜಾವ ಕಂಬಂ ಮೆಟ್ಟು, ಬೋಡಿ ಮೆಟ್ಟುಗಳನ್ನು ಹತ್ತಿ ಏಲಕ್ಕಿ ತೋಟಗಳಿಗೆ ಹೋಗುವ ಜೀಪುಗಳಲ್ಲಿ ನಮ್ಮ ಶಾಲೆಗಳಲ್ಲಿ ಓದಿದವರೂ ಇದ್ದಾರೆ. ಅವರಿಗೆ ಪಾಠ ಹೇಳಿದವರೂ ಅವರನ್ನು ಕೆಲಸಕ್ಕೆ ಕರೆದವರೂ ತಮ್ಮ ಅರಿವು ಎಲ್ಲಿ ನಿಂತಿದೆಯೆಂದು ಒಮ್ಮೆ ನೋಡಿಕೊಂಡರೆ, ಈ ಮುದುಕನ ಲೇಖನ ಸಾರ್ಥಕವಾದೀತು.